ಮೊದಲು ಕೇಳಿ: ಈ ಬಟ್ಟೆ ಯಾರದು?

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ಗದಗ-ಬೆಟಗೇರಿಯವಳು. ಆರು ವರ್ಷದಿಂದ ಮನೆಯಲ್ಲೇ ಬ್ಲೌಸ್ ಹೊಲಿಯುತ್ತೇನೆ. ಕೋಣೆ ಹತ್ತಡಿಗೆ ಒಂಬತ್ತಡಿ. ಅತ್ತೆಯವರ ಕಾಲದ ತುಳಿಯುವ ಮಷಿನ್ ಒಂದು, ಗೃಹಲಕ್ಷ್ಮಿ ದುಡ್ಡು ಕೂಡಿಸಿ ತಗೊಂಡ ಮೋಟಾರ್ ಮಷಿನ್ ಇನ್ನೊಂದು. ಅದೇ ಕೋಣೆಯಲ್ಲಿ ಮಂಚ, ಎರಡು ಟ್ರಂಕ್, ಜೋಳದ ಚೀಲ, ವರ್ಷದ ಮೆಣಸಿನಕಾಯಿ ಎಲ್ಲ ಇವೆ. ಚೂರು ಬಟ್ಟೆಯೇ ಮೂರು ಚೀಲ ಆಗಿದೆ. ತಿಂಗಳಿಗೊಮ್ಮೆ ದಿನವಿಡೀ ಕೂತು ಜೋಡಿಸುತ್ತೇನೆ, ಎಂಟು ದಿನಕ್ಕೆ ಮತ್ತೆ ಮೊದಲಿನ ಹಾಗೇ. ಪಂಚಮಿ ಹಬ್ಬದ ಗಡಿಬಿಡಿಯಲ್ಲಿ ಒಬ್ಬರ ಅಳತೆ ಬ್ಲೌಸ್ ಕಳೆದು ಬಹಳ ಮಾತು ಕೇಳಿದೆ. 14 ಸಾವಿರದ ಒಂದು ಕಪಾಟು ನೋಡಿಟ್ಟಿದ್ದೇನೆ. ತಗೊಳ್ಳಲೇ? ಅಟ್ಟದ ಗತಿಯೂ ಇದೇ. ಅದಕ್ಕೂ ಏನಾದರೂ ಹೇಳಿ.

ಉತ್ತರ: ಕಪಾಟು ಈಗ ಬೇಡ. ಒಂದು ತಿಂಗಳು ತಡೆಯಿರಿ. ಗೊಂದಲ ಇರುವಾಗ ಕಪಾಟು ತಂದರೆ ಗೊಂದಲಕ್ಕೆ ಒಂದು ಬಾಗಿಲು ಸಿಗುತ್ತದೆ, ಅಷ್ಟೇ. ಕಣ್ಣಿಗೆ ಕಾಣುತ್ತಿದ್ದದ್ದು ಕಾಣದ ಹಾಗೆ ಆಗುತ್ತದೆ. ಆಮೇಲೆ ಕಳೆಯುವುದು ಇನ್ನೂ ಜಾಸ್ತಿ.

ಮನೆ ಜೋಡಿಸುವುದನ್ನು ಹೇಳಿಕೊಡುವವರು ಬಹಳ ಜನ ಇದ್ದಾರೆ. ಬೇಡದ್ದನ್ನು ಬಿಸಾಡಿ ಅನ್ನುತ್ತಾರೆ, ಬಣ್ಣದ ಪ್ರಕಾರ ಮಡಚಿಡಿ ಅನ್ನುತ್ತಾರೆ. ಅದು ಬೇರೆ ಮನೆಗಳಿಗೆ ಸರಿ. ಹೊಲಿಯುವವರ ಮನೆಯಲ್ಲಿ ನಡೆಯುವುದಿಲ್ಲ. ಯಾಕೆಂದರೆ ನಿಮ್ಮ ಕೋಣೆಯಲ್ಲಿರುವ ಅರ್ಧ ಬಟ್ಟೆ ನಿಮ್ಮದೇ ಅಲ್ಲ. ಅದು ನಾಲ್ಕು ದಿನಕ್ಕೆ ಬಂದ ನೆಂಟರ ಹಾಗೆ. ಬಂದಿದೆ, ಹೋಗಬೇಕು. ಹಾಗಾಗಿ ಒಂದೊಂದು ಬಟ್ಟೆ ಕೈಗೆತ್ತಿಕೊಂಡಾಗಲೂ ‘ಇದನ್ನು ಎಲ್ಲಿ ಇಡಲಿ’ ಅಂತ ಕೇಳಬೇಡಿ. ‘ಇದು ಯಾರದು, ಯಾವತ್ತು ಹೋಗಬೇಕು’ ಅಂತ ಕೇಳಿ. ನಾನು ಧಾರವಾಡದಲ್ಲಿ ಹೊಲಿಗೆ ಕಲಿಸಲು ಶುರು ಮಾಡಿ 26 ವರ್ಷ ಆಯ್ತು. ಕಲಿಯಲು ಬಂದವರಿಗೆ ಕತ್ತರಿ ಕೊಡುವ ಮೊದಲು ಹೇಳುವ ಮಾತು ಇದೇ.

ಇದನ್ನು ನಾನು ಕಲಿತದ್ದು ಒಂದು ಮದುವೆ ಮನೆಯ ಕೆಲಸದಲ್ಲಿ. ಮದುಮಗಳ ಅಕ್ಕ, ತಂಗಿ, ಅತ್ತಿಗೆ, ಚಿಕ್ಕಮ್ಮ ಎಲ್ಲ ಸೇರಿ ಏಳು ಜನ. ಏಳು ಜನಕ್ಕೂ ಒಂದೇ ಹಸಿರು ಗುಳೇದಗುಡ್ಡ ಖಣ. ಏಳೂ ಪೀಸ್ ಒಂದೇ ತರಹ ಇವೆ, ಯಾವುದಾದರೇನು ಅಂತ ಒಂದೇ ಗಂಟಿನಲ್ಲಿ ಕಟ್ಟಿಟ್ಟೆ. ಅಳತೆ ಬ್ಲೌಸ್‌ಗಳನ್ನೂ ಅದರಲ್ಲೇ ತುರುಕಿದೆ. 36 ಎದೆ ಅಳತೆಯ ಚಿಕ್ಕಮ್ಮನ ಖಣವನ್ನು 32ಕ್ಕೆ ಕತ್ತರಿಸಿಬಿಟ್ಟೆ. ಮದುವೆಗೆ ಎರಡು ದಿನ ಬಾಕಿ. ಅದೇ ಬಣ್ಣದ ಖಣಕ್ಕಾಗಿ ಹುಬ್ಬಳ್ಳಿಯ ಜವಳಿ ಸಾಲು, ದುರ್ಗದ ಬೈಲು ಎರಡನ್ನೂ ಅಲೆದೆ. ಹಸಿರು ಸಿಕ್ಕಿತು, ಆ ಹಸಿರು ಸಿಗಲಿಲ್ಲ. ಆ ಚಿಕ್ಕಮ್ಮ ನನಗೆ ಒಂದು ಮಾತೂ ಅನ್ನಲಿಲ್ಲ. ಮದುವೆ ಫೋಟೋದಲ್ಲಿ ಮಾತ್ರ ಅವರೊಬ್ಬರೇ ಬೇರೆ ಹಸಿರಿನಲ್ಲಿ ನಿಂತಿದ್ದಾರೆ. ಅದು ನನಗೆ ಇವತ್ತಿಗೂ ನೋವು. ನನ್ನ ಅಳತೆ ತಪ್ಪಿರಲಿಲ್ಲ, ನನ್ನ ಕತ್ತರಿಯೂ ತಪ್ಪಿರಲಿಲ್ಲ. ಯಾರದು ಅನ್ನುವುದು ಬಟ್ಟೆಯ ಮೇಲೆ ಬರೆದಿರಲಿಲ್ಲ.

ಈಗ ನಿಮ್ಮ ಕೋಣೆಗೆ ಬರೋಣ.

ಮೊದಲ ದಿನ ಬಟ್ಟೆಯನ್ನು ಮುಟ್ಟಲೇಬೇಡಿ. ಜೋಳ, ಮೆಣಸಿನಕಾಯಿ ಹೊರಗೆ ಹೋಗಲಿ. ಅಡುಗೆಮನೆಯ ಮೂಲೆಗೋ ಪಡಸಾಲೆಗೋ, ಎಲ್ಲಾದರೂ ಸರಿ. ಕಾಳು ಇದ್ದಲ್ಲಿ ನುಸಿ, ಇಲಿ ಬಂದೇ ಬರುತ್ತವೆ. ಇಲಿಗೆ ಗೂಡು ಮಾಡಲು ನೀವು ಬ್ಲೌಸಿನ ಒಳಗೆ ಹಾಕುವ ಅಸ್ತರದಷ್ಟು ಮೆತ್ತಗಿನದು ಬೇರೆ ಏನು ಬೇಕು? ಇನ್ನು ಬ್ಯಾಡಗಿ ಮೆಣಸಿನಕಾಯಿ ಖಾರಕ್ಕಿಂತ ಬಣ್ಣಕ್ಕೇ ಹೆಸರಾದದ್ದು. ಅದರಿಂದ ತೆಗೆದ ಬಣ್ಣದೆಣ್ಣೆ ತುಟಿಗೆ ಹಚ್ಚುವ ಬಣ್ಣಕ್ಕೂ ಹೋಗುತ್ತದೆ. ಆ ಚೀಲ ಎತ್ತಿಟ್ಟ ಕೈಯಲ್ಲೇ ಬಿಳಿ ಅಸ್ತರ ಮುಟ್ಟಿದರೆ ಕಲೆ ಖಂಡಿತ. ವಾಸನೆಯೂ ರೇಷ್ಮೆಗೆ ಹತ್ತಿಕೊಳ್ಳುತ್ತದೆ. ಇವೆರಡು ಹೊರಗೆ ಹೋದರೆ ನಿಮ್ಮ ಕೋಣೆಯಲ್ಲಿ ಒಂದು ಮೂಲೆ ಪೂರ್ತಿ ಖಾಲಿ ಆಗುತ್ತದೆ. ಮುಂದಿನ ಕೆಲಸ ಆ ಮೂಲೆಯಿಂದಲೇ ಶುರು.

ಎರಡನೇ ದಿನ ಮಂಚದ ಮೇಲೆ ಹಳೆಯ ಚಾದರ ಹಾಸಿ ಎಲ್ಲ ಬಟ್ಟೆ ಸುರಿಯಿರಿ. ನಾಲ್ಕು ಗುಂಪು ಮಾಡಿ. ಗಿರಾಕಿಗಳದು. ಹೊಲಿಗೆಗೆ ಅಂತ ನೀವು ತಂದದ್ದು. ಮನೆಯವರದು. ಯಾರದು ಅಂತ ಗೊತ್ತಿಲ್ಲದ್ದು. ಈ ಕೊನೆಯ ಗುಂಪು ನೋಡಿ ನಿಮಗೇ ಆಶ್ಚರ್ಯ ಆಗುತ್ತದೆ. ನಾಲ್ಕು ವರ್ಷದ ಹಿಂದಿನ ಬ್ಲೌಸ್ ಪೀಸ್, ಯಾರೋ ಫಾಲ್ ಹಚ್ಚಲು ಕೊಟ್ಟ ಸೀರೆ, ಒಂದು ತೋಳು ಮಾತ್ರ ಹೊಲಿದ ಜಂಪರ್, ಎಲ್ಲ ಅದರಲ್ಲಿ ಬರುತ್ತವೆ. ಹಳೆಯ ವಹಿ, ಫೋನ್ ಎರಡನ್ನೂ ಇಟ್ಟುಕೊಂಡು ಒಂದೊಂದಕ್ಕೂ ವಾರಸುದಾರರನ್ನು ಹುಡುಕಿ. ಫೋಟೋ ತೆಗೆದು ಕಳಿಸಿ, ‘ಇದು ನಿಮ್ಮದಾ ನೋಡ್ರಿ’ ಅಂತ ಕೇಳಿ. ಯಾರೂ ನಮ್ಮದು ಅನ್ನದಿದ್ದರೆ ಅವನ್ನೆಲ್ಲ ಒಂದು ಗಂಟು ಕಟ್ಟಿ, ಏನೇನಿದೆ ಅಂತ ಚೀಟಿ ಬರೆದು ಟ್ರಂಕಿನ ತಳಕ್ಕೆ ಹಾಕಿ. ಮಾರಬೇಡಿ, ಕತ್ತರಿಸಿ ಬೇರೆಯದಕ್ಕೆ ಬಳಸಬೇಡಿ. ಎರಡು ವರ್ಷ ಬಿಟ್ಟು ಬಂದು ಕೇಳಿದವರಿದ್ದಾರೆ. ಬಾಣಂತನಕ್ಕೆ ತವರಿಗೆ ಹೋದವರು ಇರುತ್ತಾರೆ, ಮನೆಯಲ್ಲಿ ಸಾವಾಗಿ ಬಟ್ಟೆಯ ನೆನಪೇ ಹೋದವರೂ ಇರುತ್ತಾರೆ.

ಇನ್ನು ಗಿರಾಕಿಗಳ ಗುಂಪು. ಒಬ್ಬ ಗಿರಾಕಿ, ಒಂದು ಕೆಲಸ, ಒಂದು ಚೀಲ. ಪ್ಲಾಸ್ಟಿಕ್ ಬೇಡ. ಅದರೊಳಗೆ ತೇವ ಉಳಿದರೆ ಜರಿ ಕಪ್ಪಾಗುತ್ತದೆ. ಉಳಿದ ಕಾಟನ್ ಅಸ್ತರದಲ್ಲೇ 12 ಇಂಚು ಅಗಲ, 15 ಇಂಚು ಉದ್ದದ ಚೀಲ ಹೊಲಿದುಕೊಳ್ಳಿ. ಮೇಲೆ ನೇತುಹಾಕಲು ಒಂದು ಕುಣಿಕೆ ಇರಲಿ. ಒಂದು ಮಧ್ಯಾಹ್ನದಲ್ಲಿ ಇಪ್ಪತ್ತು ಚೀಲ ಹೊಲಿಯಬಹುದು, ನಿಮ್ಮಂಥ ಅಭ್ಯಾಸದ ಕೈಗೆ ಅದು ಏನೂ ಅಲ್ಲ. ಒಂದರಿಂದ ಇಪ್ಪತ್ತರ ತನಕ ನಂಬರ್ ಬರೆಯಿರಿ. ಬ್ಲೌಸ್ ಪೀಸ್, ಅಸ್ತರ, ಅಳತೆ ಬ್ಲೌಸ್, ಹೊಂದುವ ದಾರದ ರೀಲು, ಲೇಸು, ಲಟ್ಕನ್, ಎಲ್ಲ ಆ ಚೀಲದೊಳಗೇ ಇರಬೇಕು. ಜೊತೆಗೆ ಒಂದು ಚೀಟಿ. ಚೀಟಿಯಲ್ಲಿ ಹೆಸರು, ಫೋನ್, ಕೊಟ್ಟ ದಿನ, ಒಯ್ಯುವ ದಿನ, ಮುಂಗಡ. ಮತ್ತೆ ಮುಖ್ಯವಾಗಿ, ಅವರು ಏನೇನು ಕೊಟ್ಟರು ಅನ್ನುವ ಎಣಿಕೆ. ‘ಪೀಸ್ 1, ಅಳತೆ ಬ್ಲೌಸ್ 1, ಲೇಸು 2 ಮೀಟರ್’ ಅಂತ ಅವರ ಎದುರಿಗೇ ಬರೆದು ಓದಿ ಹೇಳಿ. ಆಗ ‘ನಾ ಎರಡು ಕೊಟ್ಟಿದ್ದೆ’ ಅನ್ನುವ ಮಾತು ಹುಟ್ಟುವುದಿಲ್ಲ.

ಹೀಗೆ ಮಾಡಿದರೂ ಒಂದು ಕಡೆ ಬಟ್ಟೆ ತಪ್ಪಿಸಿಕೊಳ್ಳುತ್ತದೆ. ಅದು ಅಸ್ತರ ನೆನೆಸುವಾಗ. ಕಾಟನ್ ಅಸ್ತರವನ್ನು ನೀರಲ್ಲಿ ನೆನೆಸಿ ಒಣಗಿಸದೆ ಕತ್ತರಿಸಿದರೆ ಮೊದಲ ಒಗೆತಕ್ಕೇ ಅದು ಕುಗ್ಗಿ ಬ್ಲೌಸ್ ಸುಕ್ಕು ಹಿಡಿಯುತ್ತದೆ. ಹಾಗಾಗಿ ಎಲ್ಲರೂ ನೆನೆಸುತ್ತೇವೆ. ಆದರೆ ನಾಲ್ಕು ಜನರ ಅಸ್ತರ ಒಂದೇ ಹಗ್ಗದ ಮೇಲೆ ಒಣಗಿ, ಒಂದೇ ಮಡಿಕೆಯಲ್ಲಿ ಒಳಗೆ ಬರುತ್ತದೆ. ಮರೂನ್ ಯಾರದು, ಅದಕ್ಕಿಂತ ತುಸು ತಿಳಿ ಮರೂನ್ ಯಾರದು ಅಂತ ಸಂಜೆಯ ಬೆಳಕಲ್ಲಿ ಹೇಗೆ ಗೊತ್ತಾಗಬೇಕು? ಹಳೆಯ ಫಾಲಿನ ಚಿಕ್ಕ ಚಿಕ್ಕ ಪಟ್ಟಿ ಕತ್ತರಿಸಿ, ನೀರಿಗೆ ಹೋಗದ ಮಾರ್ಕರ್‌ನಲ್ಲಿ ಚೀಲದ ನಂಬರ್ ಬರೆಯಿರಿ. ನೆನೆಸುವ ಮೊದಲು ಅಸ್ತರದ ಅಂಚಿಗೆ ಅದನ್ನು ಎರಡು ಹೊಲಿಗೆಯಲ್ಲಿ ಟಾಕು ಹಾಕಿ. ಅಗಸರು ಗುರುತು ಹಾಕುತ್ತಿದ್ದರಲ್ಲ, ಹಾಗೆ. ಅಳತೆ ಬ್ಲೌಸಿಗೂ ಇಂಥದೇ ಪಟ್ಟಿ, ಆದರೆ ಅದನ್ನು ಹುಕ್ಕಿನ ಕುಣಿಕೆಗೆ ದಾರದಿಂದ ಕಟ್ಟಿ. ಪಿನ್ನು ಚುಚ್ಚಬೇಡಿ, ರೇಷ್ಮೆಯಲ್ಲಿ ತೂತು ಉಳಿಯುತ್ತದೆ.

ಚೀಲಗಳನ್ನು ಮಡಚಿ ಪೇರಿಸಬೇಡಿ. ಗೋಡೆಗೆ ನೇತುಹಾಕಿ. ನಮ್ಮ ಕಡೆಯ ಹಳೆಯ ಮನೆಗಳ ಗೋಡೆಯಲ್ಲಿ ಗೂಟ ಇರುತ್ತಿದ್ದವು, ಸಾಮಾನಿಡುವ ಹಲಗೆ, ನಾಗೊಂದಿಗೆ ಇರುತ್ತಿತ್ತು. ಎಷ್ಟು ಉಪಯೋಗದ್ದು ಅಂತ ಈಗ ಅನ್ನಿಸುತ್ತದೆ. ನಿಮ್ಮ ಮನೆಯಲ್ಲಿ ಗೂಟ ಇಲ್ಲದಿದ್ದರೆ ಗಟ್ಟಿಯಾದ ಹಲಗೆಗೆ ಸಾಲಾಗಿ ಇಪ್ಪತ್ತು ಕೊಕ್ಕೆ ಹೊಡೆಸಿ. ಎಡಗಡೆ ಈಗ ಬಂದದ್ದು, ಆಮೇಲೆ ಕತ್ತರಿಸಿದ್ದು, ಆಮೇಲೆ ಹುಕ್ಕು-ಕಾಜಾ ಬಾಕಿ ಇರುವುದು, ಬಲಗಡೆಯ ತುದಿಗೆ ಒಯ್ಯಲು ತಯಾರಾದದ್ದು. ಕೆಲಸ ಮುಂದೆ ಹೋದ ಹಾಗೆ ಚೀಲವೂ ಬಲಕ್ಕೆ ಸರಿಯುತ್ತದೆ. ಗಿರಾಕಿ ಬಾಗಿಲಲ್ಲಿ ನಿಂತು ‘ಆಯ್ತೇನ್ರಿ?’ ಅಂದರೆ ಕತ್ತೆತ್ತಿ ನೋಡಿದರೆ ಸಾಕು.

ಹುಕ್ಕು-ಕಾಜಾ ಸಾಲು ಉದ್ದ ಆಗುತ್ತಾ ಹೋದರೆ ಅದನ್ನು ಲಕ್ಷ್ಯ ಕೊಟ್ಟು ನೋಡಿ. ಬಹಳ ಮನೆಗಳಲ್ಲಿ ಬಟ್ಟೆ ರಾಶಿ ಬೀಳುವುದು ಅಲ್ಲೇ. ಮಷಿನಿನ ಕೆಲಸ ಬೇಗ ಆಗುತ್ತದೆ, ಕೈಕೆಲಸ ಬೇಸರ, ‘ರಾತ್ರಿ ಟಿವಿ ನೋಡುತ್ತಾ ಹಚ್ಚಿದರಾಯ್ತು’ ಅಂತ ಬಿಡುತ್ತೇವೆ. ಓಣಿಯಲ್ಲಿ ಕೈಕೆಲಸ ಬಲ್ಲ ಹುಡುಗಿಗೋ ಅಜ್ಜಿಗೋ ಬ್ಲೌಸಿಗೆ ಇಷ್ಟು ಅಂತ ಕೊಟ್ಟು ಆ ಕೆಲಸ ಹೊರಗೆ ಕಳಿಸಿ. ಅವರ ಕೈಗೂ ನಾಲ್ಕು ಕಾಸು ಬರುತ್ತದೆ, ನಿಮ್ಮ ಗೋಡೆಯೂ ಖಾಲಿ ಆಗುತ್ತದೆ.

ಎಂಟು ದಿನಕ್ಕೆ ಮತ್ತೆ ಹಾಗೇ ಆಗುತ್ತದೆ ಅಂದಿರಿ. ಅದಕ್ಕೆ ನೀವು ಸೋಮಾರಿ ಅನ್ನುವುದು ಕಾರಣ ಅಲ್ಲ. ಹಾಗೆ ಅಂದುಕೊಳ್ಳಲೂಬೇಡಿ. ನೀವು ಕೋಣೆಗಿಂತ ಜಾಸ್ತಿ ಕೆಲಸ ಹಿಡಿಯುತ್ತಿದ್ದೀರಿ. ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ಬರುತ್ತಾರೆ, ಎಲ್ಲರಿಗೂ ಹೊಸ ಬ್ಲೌಸ್ ಬೇಕು. ಅದು ಮುಗಿಯಿತು ಅನ್ನುವಷ್ಟರಲ್ಲಿ ಮಹಾನವಮಿ, ದೀಪಾವಳಿ, ಆಮೇಲೆ ಮದುವೆಗಳು, ಜೂನ್‌ನಲ್ಲಿ ಶಾಲೆ ಯೂನಿಫಾರ್ಮ್. ಯಾರಿಗೂ ಇಲ್ಲ ಅನ್ನಲು ಮನಸ್ಸು ಬರುವುದಿಲ್ಲ, ಅಲ್ವಾ? ಇಪ್ಪತ್ತು ಕೊಕ್ಕೆ ತುಂಬಿದ ಮೇಲೆ ಇಪ್ಪತ್ತೊಂದನೆಯದನ್ನು ತಗೊಳ್ಳಬೇಡಿ. ‘ಗುರುವಾರ ಒಂದು ಜಾಗ ಖಾಲಿ ಆಗುತ್ತದೆ, ಅವತ್ತು ತನ್ನಿ’ ಅನ್ನಿ. ಬಟ್ಟೆ ಅಲ್ಲಿಯ ತನಕ ಅವರ ಮನೆಯಲ್ಲೇ ಇರಲಿ. ನಾನು ಹೀಗೆ ಹೇಳಲು ಶುರು ಮಾಡಿದಾಗ ಗಿರಾಕಿಗಳು ಹೋಗಿಬಿಡುತ್ತಾರೆ ಅಂತ ಹೆದರಿದ್ದೆ. ಇಬ್ಬರೋ ಮೂವರೋ ಹೋದರು. ಉಳಿದವರು ಹೇಳಿದ ದಿನಕ್ಕೆ ಬಟ್ಟೆ ಸಿಗುತ್ತದೆ ಅಂತಲೇ ಉಳಿದರು.

ನಿಮ್ಮ ಸಾಮಾನಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ, ಆರು ವರ್ಷ ಹೊಲಿದ ನಿಮಗೆ ಗೊತ್ತೇ ಇದೆ. ಕೆಲವು ಮಾತ್ರ. ಗದಗಿನ ಗಾಳಿ ಗೊತ್ತಲ್ಲ. ಕಪ್ಪತಗುಡ್ಡದ ಮೇಲೆ ಗಾಳಿಯಂತ್ರ ತಿರುಗಿಸುವ ಗಾಳಿ ನಿಮ್ಮ ಕಿಟಕಿಗೂ ಧೂಳು ತರುತ್ತದೆ. ಆ ಧೂಳು ಮಷಿನ್ ಎಣ್ಣೆಗೆ ಅಂಟಿ, ಬಟ್ಟೆಯ ನಾರಿನ ಜೊತೆ ಸೇರಿ ಸೂಜಿಯ ಕೆಳಗಿರುವ ಶಟಲ್‌ನಲ್ಲಿ ಗಟ್ಟಿಯಾಗಿ ಕೂರುತ್ತದೆ. ರಾತ್ರಿ ಮಷಿನಿಗೆ ಹೊದಿಕೆ ಹಾಕಿ, ಶಟಲ್ ಬ್ರಶ್‌ನಲ್ಲಿ ಒಮ್ಮೆ ಗುಡಿಸಿ. ದಾರದ ರೀಲುಗಳು ಕಿಟಕಿಯ ಹತ್ತಿರ ಬೇಡ, ಬಿಸಿಲಿಗೆ ಬಣ್ಣ ಹೋಗಿ ದಾರದ ಶಕ್ತಿಯೂ ಕುಂದುತ್ತದೆ. ಮಷಿನಿನಿಂದ ತೆಗೆದ ಸೂಜಿಯನ್ನು ಹೊಸ ಸೂಜಿಯ ಜೊತೆ ಇಡಬೇಡಿ. ಒಂದು ಬಟ್ಟೆಯ ತುಂಡಿನ ಮೇಲೆ 11, 14, 16 ಅಂತ ಬರೆದು ಆಯಾ ನಂಬರಿನ ಮುಂದೆ ಚುಚ್ಚಿಡಿ. ತೆಳು ರೇಷ್ಮೆಗೆ 11, ಸಾಮಾನ್ಯ ಕಾಟನ್‌ಗೆ 14, ದಪ್ಪ ಬಟ್ಟೆಗೆ 16 ಅಂತ ಹುಡುಕುವ ಕೆಲಸವೇ ಇರುವುದಿಲ್ಲ. ಮುರಿದ ಸೂಜಿಗೆ ಮುಚ್ಚಳ ಇರುವ ಬಾಟಲಿ. ಮತ್ತೆ ಧಾರವಾಡ ಪೇಢಾದ ಖಾಲಿ ಬಾಕ್ಸ್‌ನಲ್ಲಿ ಹುಕ್ಕು, ಗುಂಡಿ ಇಡುವ ಅಭ್ಯಾಸ ನಮ್ಮ ಕಡೆ ಬಹಳ ಇದೆ. ಬೇಡ. ರಟ್ಟಿಗೆ ಹತ್ತಿದ ಸಕ್ಕರೆ, ತುಪ್ಪಕ್ಕೆ ಇರುವೆ, ಜಿರಳೆ ಬರುತ್ತವೆ. ಹುಕ್ಕಿಗೆ ಒಳಗೆ ಏನಿದೆ ಅಂತ ಕಾಣುವ ಡಬ್ಬಿಯೇ ಒಳ್ಳೆಯದು.

ಕಸೂತಿ ಸೀರೆ ಫಾಲ್‌ಗೆ ಬಂದರೆ ಅದಕ್ಕೆ ಬೇರೆಯೇ ಜಾಗ. ಕಸೂತಿಯಲ್ಲಿ ಗಂಟು ಹಾಕುವುದಿಲ್ಲ. ಗವಂತಿ ಹೊಲಿಗೆ ಹಿಂದೆ ಮುಂದೆ ಒಂದೇ ತರಹ ಕಾಣಬೇಕು. ಬಟ್ಟೆಯ ಎಳೆ ಎಣಿಸಿ ಹಾಕಿದ ಕೆಲಸ ಅದು. ನಿಮ್ಮ ಮೇಜಿನ ಮೇಲೆ ಬಿದ್ದ ಒಂದು ಗುಂಡುಪಿನ್ನು ಅದರ ಒಂದು ಎಳೆ ಎಳೆದರೆ ತಿಂಗಳ ದುಡಿಮೆ ಕೆಡುತ್ತದೆ. ಹಳೆಯ ಬಿಳಿ ಕಾಟನ್ ಸೀರೆಯಲ್ಲಿ ಸುತ್ತಿ ಟ್ರಂಕಿನಲ್ಲಿ ಎಲ್ಲಕ್ಕಿಂತ ಮೇಲೆ ಇಡಿ, ಬೇಗ ಕೊಟ್ಟುಬಿಡಿ.

ಈಗ ಆ ಮೂರು ಚೀಲ ಚೂರು. ಇಲ್ಲೂ ಯಾರದು ಅಂತಲೇ ಕೇಳಿ. ಖಣದಲ್ಲಿ, ರೇಷ್ಮೆಯಲ್ಲಿ ಉಳಿದ ಗೇಣಿಗಿಂತ ದೊಡ್ಡ ತುಂಡು ಗಿರಾಕಿಯದು. ಬ್ಲೌಸಿನ ಜೊತೆ ಮಡಚಿ ಕೊಟ್ಟುಬಿಡಿ. ಅವರು ಮೊಮ್ಮಗನಿಗೆ ಕುಂಚಿಗೆ ಮಾಡಿಸಿಯಾರು, ನಾಳೆ ಬ್ಲೌಸ್ ಬಿಚ್ಚಿ ಅಗಲ ಮಾಡಬೇಕಾದರೆ ಅದೇ ತುಂಡು ಬೇಕಾಗುತ್ತದೆ. ಕಾಟನ್ ಚೂರು ಕೌದಿಗೆ. ಕೌದಿ ಹೊಲಿಯುವವರು ನಿಮ್ಮ ಓಣಿಯಲ್ಲೇ ಇರುತ್ತಾರೆ, ಕೇಳಿ ನೋಡಿ. ಅವರಿಗೆ ಕೊಡುವಾಗ ಪಾಲಿಯೆಸ್ಟರ್ ಬೆರೆಸಬೇಡಿ. ಅದು ಬೆವರು ಹೀರುವುದಿಲ್ಲ, ಹೊದ್ದವರಿಗೆ ಹಿತ ಇಲ್ಲ. ಪಾಲಿಯೆಸ್ಟರ್ ಚೂರು ದಿಂಬಿನ ಒಳಗೆ ತುಂಬಲು ಆಗುತ್ತದೆ. ಬೆರಳಷ್ಟು ಸಣ್ಣದು ಕಸಕ್ಕೇ ಹೋಗಲಿ, ಅದಕ್ಕೆ ದುಃಖ ಬೇಡ. ಇನ್ನು ಮುಂದೆ ಚೂರಿಗೆ ಒಂದೇ ಚೀಲ. ಅದು ತುಂಬಿದ ದಿನವೇ ಮನೆ ಬಿಡಬೇಕು.

ಒಂದು ವಿಷಯಕ್ಕೆ ನನಗೆ ನಿಜವಾಗಲೂ ಭಯ ಇದೆ. ನಿಮ್ಮಂಥ ಎಷ್ಟೋ ಕೋಣೆಗಳಲ್ಲಿ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಮಷಿನ್, ಫ್ಯಾನ್, ಇಸ್ತ್ರಿಪೆಟ್ಟಿಗೆ ಮೂರನ್ನೂ ಹಾಕಿರುತ್ತಾರೆ. ಆ ಬೋರ್ಡ್ ಚೂರು ಬಟ್ಟೆಯ ಕೆಳಗೆ ಮುಚ್ಚಿಹೋಗಿರುತ್ತದೆ. ಇಸ್ತ್ರಿಪೆಟ್ಟಿಗೆ 1000 ವ್ಯಾಟ್ ಎಳೆಯುತ್ತದೆ. ಬೋರ್ಡಿನ ತೆಳು ವೈರು ಬಿಸಿಯಾದರೆ ಮೇಲಿನ ಬಟ್ಟೆಗೆ ಕಿಡಿ ಹತ್ತಲು ಎಷ್ಟು ಹೊತ್ತು? ಇಸ್ತ್ರಿಪೆಟ್ಟಿಗೆಯ ಪ್ಲಗ್ ಗೋಡೆಯ ಸಾಕೆಟ್ಟಿಗೇ ಹೋಗಬೇಕು. ಅದರ ಸುತ್ತ ಎರಡು ಅಡಿ ಏನೂ ಇರಬಾರದು. ಕೋಣೆ ಜೋಡಿಸುವುದು ಆಮೇಲೆ ಆದರೂ ಪರವಾಗಿಲ್ಲ, ಇದನ್ನು ಇವತ್ತೇ ಮಾಡಿ.

ನೆಲದ ಮೇಲೆ ಬಗ್ಗಿ ಕತ್ತರಿಸುತ್ತೀರಿ ಅಂತ ಅಂದುಕೊಂಡಿದ್ದೇನೆ, ಎಲ್ಲರೂ ಹಾಗೇ ಮಾಡುತ್ತೇವೆ. ನಲವತ್ತು ದಾಟಿದ ಮೇಲೆ ಸೊಂಟ ಲೆಕ್ಕ ಕೇಳುತ್ತದೆ. ಕಪಾಟಿಗೆ ಇಟ್ಟ ದುಡ್ಡಿನಲ್ಲಿ ಸ್ವಲ್ಪ ತೆಗೆದು ನಾಲ್ಕಡಿಗೆ ಎರಡೂವರೆ ಅಡಿಯ ಪ್ಲೈವುಡ್ ಹಲಗೆಯನ್ನು ಗೋಡೆಗೆ ಕೀಲು ಹಾಕಿ ಹೊಡೆಸಿ. ಬೇಕಾದಾಗ ಎತ್ತಿ ಕಾಲು ಕೊಟ್ಟರೆ ಮೇಜು, ಬೇಡವಾದಾಗ ಕೆಳಗೆ ಬಿಟ್ಟರೆ ಗೋಡೆ. ಎತ್ತರ ನಿಮ್ಮ ಸೊಂಟಕ್ಕೆ ಸರಿಯಾಗಿ, 34ರಿಂದ 36 ಇಂಚು ಇರಲಿ. ಅತ್ತೆಯವರ ಮಷಿನ್ ಕೊಡಬೇಡಿ. ಕರೆಂಟ್ ಹೋದಾಗ ಕೈಹಿಡಿಯುವುದು ಅದೇ. ಬೆಳಕು ಎಡಗಡೆಯಿಂದ ಬೀಳುವ ಹಾಗೆ ಕಿಟಕಿಯ ಪಕ್ಕ ಇಟ್ಟು, ಅದರಲ್ಲಿ ಯಾವಾಗಲೂ ಬಿಳಿ ದಾರವನ್ನೇ ಬಿಡಿ. ತಿಂಗಳು ಕಳೆದ ಮೇಲೂ ಜಾಗ ಸಾಲದಿದ್ದರೆ ಕಪಾಟಿನ ಬದಲು ಒಂದಡಿ ಆಳದ ತೆರೆದ ಕಬ್ಬಿಣದ ರ್‍ಯಾಕ್ ತಗೊಳ್ಳಿ. ಕಪಾಟಿನ ಆಳದ ಹಲಗೆಯಲ್ಲಿ ಹಿಂದಿನ ಸಾಲು ಯಾವತ್ತೂ ಕಾಣುವುದಿಲ್ಲ.

ಅಟ್ಟದ ವಿಷಯ. ಅದಕ್ಕೆ ಬೇರೆ ದಿನ ಹುಡುಕಬೇಡಿ. ಮಹಾನವಮಿಗೆ ಮನೆಯೆಲ್ಲ ತೊಳೆದು ಕೌದಿ ಒಗೆಯಲು ಹೇಗೂ ಎಲ್ಲ ಇಳಿಸುತ್ತೇವೆ. ಇಳಿಸಿದ್ದನ್ನು ಹಾಗೇ ಮತ್ತೆ ಏರಿಸುವುದೇ ನಮ್ಮ ತಪ್ಪು. ಏರಿಸುವ ಮೊದಲು ಯಾರದು ಅಂತ ಕೇಳಿ. ಮದುವೆಯಾಗಿ ಹೋದ ನಾದಿನಿಯ ಕಾಲೇಜು ಪುಸ್ತಕ, ಮೈದುನನ ಹಳೆಯ ಟೇಪ್ ರೆಕಾರ್ಡರ್, ಇವಕ್ಕೆ ಫೋನ್ ಮಾಡಿ ಪ್ರೀತಿಯಿಂದಲೇ ದಿನ ಗೊತ್ತು ಮಾಡಿ. ಅವರನ್ನು ಕೇಳದೆ ಮಾತ್ರ ಬಿಸಾಡಬೇಡಿ, ಅದರಿಂದ ಮನಸ್ತಾಪ ಆದ ಮನೆಗಳನ್ನು ಕಂಡಿದ್ದೇನೆ. ಅತ್ತೆಯವರ ಹಿತ್ತಾಳೆ ಹಂಡೆ, ಕೊಡ ಅವರು ಇರುವ ತನಕ ಅವರವು. ಕೌದಿ ಮನೆಯ ಜನಕ್ಕೆ ಒಂದೊಂದು, ನೆಂಟರಿಗೆ ನಾಲ್ಕು ಸಾಕು. ಹಳೆಯ ಕಾಗದದ ಕಟ್ಟು ಸಿಕ್ಕರೆ ಒಂದೊಂದನ್ನೂ ಬಿಡಿಸಿ ನೋಡಿ. ಹೊಲದ ಉತಾರ, ಮನೆಯ ಖರೀದಿ ಪತ್ರ ಹಳೆಯ ಪಂಚಾಂಗದ ನಡುವೆ ಸಿಕ್ಕ ಉದಾಹರಣೆ ನಮ್ಮ ಮನೆಯಲ್ಲೇ ಇದೆ. ಎಲ್ಲ ಮೇಲೆ ಹೋದ ಮೇಲೆ ಅಲ್ಲಿ ಏನಿದೆ, ಯಾರದು ಅಂತ ಒಂದು ಹಾಳೆಯಲ್ಲಿ ಬರೆದು ಏಣಿಯ ಪಕ್ಕದ ಗೋಡೆಗೆ ಅಂಟಿಸಿ.

ಕೊನೆಗೆ ಆ ಕಳೆದ ಅಳತೆ ಬ್ಲೌಸ್. ಮಂಚದ ಮೇಲೆ ಎಲ್ಲ ಸುರಿದಾಗ ಅದು ಸಿಗುವ ಸಾಧ್ಯತೆ ಜಾಸ್ತಿ. ಯಾರದೋ ಅಸ್ತರದ ಮಡಿಕೆಯೊಳಗೆ ಇರುತ್ತದೆ, ಇಲ್ಲವೇ ತುಳಿಯುವ ಮಷಿನಿನ ಹಿಂದೆ ಗೋಡೆಗೆ ಒತ್ತಿ ಬಿದ್ದಿರುತ್ತದೆ. ಸಿಕ್ಕರೆ ಒಗೆದು ಇಸ್ತ್ರಿ ಮಾಡಿ, ಅವತ್ತೇ ನೀವೇ ಹೋಗಿ ಅವರ ಕೈಗೆ ಕೊಟ್ಟು ಬನ್ನಿ. ಸಿಗದಿದ್ದರೂ ಹೋಗಿ. ಮೈ ಅಳತೆ ತಗೊಂಡು, ಅವರು ಆರಿಸಿದ ಬಟ್ಟೆಯಲ್ಲಿ ಒಂದು ಬ್ಲೌಸ್ ಹೊಲಿದುಕೊಡಿ, ಮಜೂರಿ ಮುಟ್ಟಬೇಡಿ. ಒಂದನೇ ನಂಬರಿನ ಚೀಲ ಅವರದೇ ಆಗಲಿ.